ಏಡಿಯ ನಡಿಗೆಗೆ ಅಪ್ಪಣೆ ಕೊಡುವವರು ಯಾರು?

ಸಿಂಧನೂರು ಸೀಮೆಯಲ್ಲಿ ಭತ್ತದ ನಾಟಿಯ ದಿನಗಳಲ್ಲಿ ಗದ್ದೆಯ ಬದುವಿನ ಮೇಲೆ ನಡೆದಾಡಿದವರಿಗೆ ಏಡಿಯ ಪರಿಚಯ ಇದ್ದೇ ಇರುತ್ತದೆ. ಕಾಲುವೆಯ ನೀರು ಗದ್ದೆಗೆ ಹರಿದು ಮಣ್ಣು ಮೆತ್ತಗಾದರೆ ಸಾಕು, ಬದುವಿನ ಬುಡದ ಬಿಲಗಳಿಂದ ಅದು ಹೊರಗೆ ಬರುತ್ತದೆ. ಮನುಷ್ಯನ ನೆರಳು ಬಿದ್ದೊಡನೆ ಗಕ್ಕನೆ ನಿಲ್ಲುತ್ತದೆ. ಹಿಂದಿನ ಕಾಲುಗಳನ್ನು ನೆಲಕ್ಕೆ ಊರಿ, ಮೈಯ ಮುಂಭಾಗವನ್ನು ಮೇಲೆತ್ತಿ, ಇಕ್ಕಳದಂಥ ಎರಡು ಮುಂಗಾಲುಗಳನ್ನು ಅಗಲಿಸಿ ಕುಸ್ತಿ ಪೈಲ್ವಾನನಂತೆ ಸೆಟೆಯುತ್ತದೆ. ಇನ್ನೊಂದು ಹೆಜ್ಜೆ ಮುಂದಿಟ್ಟರೆ ಪೈಲ್ವಾನಿಕೆ ಎಲ್ಲ ಬಿಟ್ಟು ಅಡ್ಡಡ್ಡ ಓಡಿ ಬಿಲ ಸೇರುತ್ತದೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಯಲ್ಲಿ ನೀರು ಹರಿಯತೊಡಗಿದ ಮೇಲೆ, ಜೋಳ ಬೆಳೆಯುತ್ತಿದ್ದ ಇಲ್ಲಿನ ಎರೆಭೂಮಿ ಭತ್ತದ ಕಣಜವಾಯಿತು. ಗದ್ದೆ ಬಂದಲ್ಲಿ ಬದು ಬಂತು, ಬದು ಬಂದಲ್ಲಿ ಏಡಿ ಬಂತು. ಬದುವಿಗೆ ಏಡಿ ತೂತು ಕೊರೆದರೆ ನೀರು ನಿಲ್ಲುವುದಿಲ್ಲವಾದ್ದರಿಂದ ರೈತರಿಗೆ ಅದರ ಮೇಲೆ ಅಂಥ ಪ್ರೀತಿಯೇನೂ ಇಲ್ಲ. ಆದರೆ ಅದು ಸೆಟೆದು ನಿಲ್ಲುವ ಆ ಕ್ಷಣದಲ್ಲಿ ಒಂದು ದೊಡ್ಡ ಪ್ರಶ್ನೆ ಅಡಗಿದೆ. ನಿಲ್ಲು, ಏಳು, ಓಡು ಎಂದು ಕಾಲುಗಳಿಗೆ ಹೇಳುವವರು ಯಾರು? ಕಡಲೆಕಾಳಿಗಿಂತ ಚಿಕ್ಕದಾದ ಆ ಮಿದುಳೇ? ಒಂದೇ ಒಂದು ನರಕೋಶವೇ? ಅಥವಾ ಕಾಲುಗಳೇ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತವೆಯೇ?

ವಿಜ್ಞಾನಿಗಳು ಈ ಪ್ರಶ್ನೆಯ ಬೆನ್ನು ಹತ್ತಿ ನೂರು ವರ್ಷ ಮೀರಿದೆ. ಅವರು ಕೈಗೆತ್ತಿಕೊಂಡದ್ದು ಹೆಚ್ಚಾಗಿ ಏಡಿಯನ್ನಲ್ಲ, ಅದರ ದೂರದ ದಾಯಾದಿಯಾದ ಕ್ರೇಫಿಷ್ ಅನ್ನು. ಹೆಸರಿನಲ್ಲಿ ಫಿಷ್ ಎಂದಿದ್ದರೂ ಅದು ಮೀನಲ್ಲ. ಸಿಗಡಿಯಂತೆ ಉದ್ದನೆಯ ಬಾಲ, ಏಡಿಯಂತೆ ಇಕ್ಕಳ, ಮೈತುಂಬ ಗಟ್ಟಿ ಚಿಪ್ಪು ಇರುವ ಸಿಹಿನೀರಿನ ಪ್ರಾಣಿ ಅದು. ಯುರೋಪ್, ಅಮೆರಿಕಗಳ ಹೊಳೆ ಕೆರೆಗಳಲ್ಲಿ ಹೇರಳ. ಭಾರತದ ನದಿಗಳಲ್ಲಿ ಅದು ಮೂಲತಃ ಇಲ್ಲ. ಆ ಜಾಗದಲ್ಲಿ ನಮ್ಮ ಸಿಹಿನೀರಿನ ಏಡಿಗಳಿವೆ. ಕ್ರೇಫಿಷ್‌ಗೆ ಸಿಕ್ಕ ಈ ಪ್ರಾಶಸ್ತ್ಯಕ್ಕೆ ಕಾರಣ ಸರಳವಾದುದು. ಏಡಿಯ ಎದೆಯ ನರಗಳೆಲ್ಲ ಕೂಡಿ ಒಂದೇ ಮುದ್ದೆಯಾಗಿವೆ. ಕ್ರೇಫಿಷ್‌ನಲ್ಲಾದರೋ ತಲೆಯಿಂದ ಬಾಲದವರೆಗೆ ಒಂದು ನರಹುರಿ, ಆ ಹುರಿಯಲ್ಲಿ ಖಂಡಕ್ಕೊಂದರಂತೆ ಗಂಟು. ಯಾವ ಗಂಟು ಯಾವ ಕಾಲಿಗೆ ಸೇರಿದ್ದು ಎಂದು ಕಣ್ಣಿಟ್ಟು ನೋಡಿಯೇ ಹೇಳಬಹುದು.

ಡಾರ್ವಿನ್ನನ ಬಲಗೈ ಬಂಟನೆನಿಸಿದ ಥಾಮಸ್ ಹೆನ್ರಿ ಹಕ್ಸ್‌ಲಿ 1880ರಲ್ಲಿ ಕ್ರೇಫಿಷ್ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದ. ಒಂದು ಪ್ರಾಣಿಯನ್ನು ಸರಿಯಾಗಿ ಅರಿತರೆ ಇಡೀ ಪ್ರಾಣಿಶಾಸ್ತ್ರದ ಬಾಗಿಲು ತೆರೆಯುತ್ತದೆ ಎಂಬುದು ಆತನ ನಂಬಿಕೆ. ಎರಡು ವರ್ಷಗಳ ನಂತರ, 1882ರಲ್ಲಿ, ವಿಯೆನ್ನಾದ ಒಬ್ಬ ಯುವ ಸಂಶೋಧಕ ಕ್ರೇಫಿಷ್‌ನ ನರಕೋಶಗಳನ್ನು ಜೀವಂತವಾಗಿಯೇ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿ ಪ್ರಬಂಧ ಪ್ರಕಟಿಸಿದ. ಆತನ ಹೆಸರು ಸಿಗ್ಮಂಡ್ ಫ್ರಾಯ್ಡ್. ಕನಸುಗಳ ಅರ್ಥ ಹೇಳಿ ಜಗತ್ಪ್ರಸಿದ್ಧನಾಗುವ ಮುನ್ನ ಆತ ಹೊಳೆಯ ಪ್ರಾಣಿಯ ನರ ಬಿಡಿಸುತ್ತಿದ್ದ ಎಂಬುದು ಅನೇಕರಿಗೆ ಹೊಸ ಸಂಗತಿಯಾದೀತು.

ನಿಲುವಿನ ರಹಸ್ಯಕ್ಕೆ ಮೊದಲ ದೊಡ್ಡ ಸುಳಿವು ಸಿಕ್ಕಿದ್ದೂ ವಿಯೆನ್ನಾದಲ್ಲೇ. ಸಿಗಡಿ, ಕ್ರೇಫಿಷ್‌ಗಳ ಚಿಕ್ಕ ಮೀಸೆಗಳ ಬುಡದಲ್ಲಿ ಒಂದೊಂದು ಪುಟ್ಟ ಚೀಲವಿದೆ. ಅದರೊಳಗೆ ಸೂಕ್ಷ್ಮ ರೋಮಗಳು, ರೋಮಗಳ ಮೇಲೆ ಮರಳಿನ ಕಣಗಳು. ಪ್ರಾಣಿ ವಾಲಿದರೆ ಮರಳೂ ವಾಲುತ್ತದೆ, ರೋಮ ಬಾಗುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ಗಾರೆ ಕೆಲಸದವರ ರಸಮಟ್ಟದಂಥ ಏರ್ಪಾಡು. ಪ್ರತಿ ಸಲ ಪೊರೆ ಕಳಚುವಾಗ ಈ ಚೀಲದ ಒಳಪದರವೂ ಕಳಚಿಹೋಗುವುದರಿಂದ ಪ್ರಾಣಿ ಹೊಸ ಮರಳನ್ನು ತುಂಬಿಕೊಳ್ಳಬೇಕು. ಅಲೋಯಿಸ್ ಕ್ರೈಡ್ಲ್ ಎಂಬ ವಿಜ್ಞಾನಿ 1893ರಲ್ಲಿ ಪೊರೆ ಬಿಟ್ಟ ಸಿಗಡಿಗಳ ತೊಟ್ಟಿಯಲ್ಲಿ ಮರಳಿನ ಬದಲು ಕಬ್ಬಿಣದ ಪುಡಿ ಹಾಕಿದ. ಸಿಗಡಿಗಳು ಅದನ್ನೇ ತುಂಬಿಕೊಂಡವು. ಬಳಿಕ ಅಯಸ್ಕಾಂತ ಹಿಡಿದರೆ ಸಿಗಡಿ ಮೈ ಹೊರಳಿಸತೊಡಗಿತು! ಅದರ ಪಾಲಿಗೆ ಭೂಮಿ ಇರುವ ದಿಕ್ಕೇ ಬದಲಾಗಿತ್ತು. ಅಷ್ಟು ಸಣ್ಣ ಪ್ರಯೋಗದಿಂದ ಅಷ್ಟು ದೊಡ್ಡ ಮಾತು ಹೇಳಿದ ಉದಾಹರಣೆಗಳು ವಿಜ್ಞಾನದ ಇತಿಹಾಸದಲ್ಲಿ ಹೆಚ್ಚಿಲ್ಲ.

ಸುದ್ದಿ ಒಳಗೆ ಹೋಗುವ ದಾರಿ ಹೀಗೆ ತಿಳಿಯಿತು. ಅಪ್ಪಣೆ ಹೊರಗೆ ಬರುವ ದಾರಿ ತಿಳಿಯಲು ಇನ್ನೂ ಕೆಲವು ದಶಕ ಹಿಡಿಯಿತು. ಈ ಕಥೆಯ ನಾಯಕ ಕಾರ್ನೆಲಿಸ್ ವಿಯರ್ಸ್ಮಾ, ಹಾಲೆಂಡಿನಿಂದ ಅಮೆರಿಕಕ್ಕೆ ಹೋಗಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ನೆಲೆಸಿದವರು. ಕ್ರೇಫಿಷ್‌ನ ನರಹುರಿಯಲ್ಲಿ ಉಳಿದವಕ್ಕಿಂತ ಬಹಳ ದಪ್ಪನಾದ ನಾಲ್ಕು ನರತಂತುಗಳಿವೆ. ಅವುಗಳಲ್ಲಿ ಒಂದರಲ್ಲಿ ಒಂದೇ ಒಂದು ವಿದ್ಯುತ್ ಸ್ಪಂದ ಹರಿದರೂ ಪ್ರಾಣಿ ಬಾಲ ಬಡಿದು ಛಂಗನೆ ಹಾರುತ್ತದೆ ಎಂದು ಅವರು 1938 ಮತ್ತು 1947ರ ಪ್ರಬಂಧಗಳಲ್ಲಿ ತೋರಿಸಿದರು. 1964ರಲ್ಲಿ ವಿಯರ್ಸ್ಮಾ ಮತ್ತು ಕಜುವೊ ಇಕೆಡಾ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕ್ರೇಫಿಷ್‌ನ ಹೊಟ್ಟೆಯಡಿ ಸಾಲಾಗಿ ಬೀಸುವ ಪುಟ್ಟ ಈಜುಗಾಲುಗಳಿವೆ. ಒಂದು ನಿರ್ದಿಷ್ಟ ನರತಂತುವಿಗೆ ವಿದ್ಯುತ್ತು ಮುಟ್ಟಿಸುತ್ತಿದ್ದರೆ ಅವೆಲ್ಲವೂ ತಾಳಬದ್ಧವಾಗಿ ಬೀಸತೊಡಗಿದವು. ಸೋಜಿಗವೆಂದರೆ, ಕೊಟ್ಟ ವಿದ್ಯುತ್ತಿನ ಲಯ ಬೇರೆ, ಕಾಲು ಬೀಸುವ ಲಯವೇ ಬೇರೆ. ಇಂಥ ಕೋಶಗಳಿಗೆ ಅವರು ‘ಅಪ್ಪಣೆಯ ನರಕೋಶ’ ಎಂಬ ಅರ್ಥದ ಹೆಸರಿಟ್ಟರು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಕೆನೆಡಿ ಮತ್ತು ಸಂಗಡಿಗರು 1966ರ ಸುಮಾರಿಗೆ ಇದೇ ವಿಧಾನವನ್ನು ಭಂಗಿಗೆ ಅನ್ವಯಿಸಿದರು. ಒಂದು ತಂತು ಮುಟ್ಟಿದರೆ ಹೊಟ್ಟೆಯ ಹಲವು ಖಂಡಗಳು ಒಟ್ಟಿಗೆ ಮಡಿಚಿದವು, ಇನ್ನೊಂದು ಮುಟ್ಟಿದರೆ ಚಾಚಿದವು. ಬೇರೆ ಬೇರೆ ತಂತುಗಳಿಗೆ ಬೇರೆ ಬೇರೆ ಬಾಗು. (ಕೆನೆಡಿ ಮುಂದೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮುಖ್ಯಸ್ಥರಾದರು, 1980ರಿಂದ 1992ರವರೆಗೆ ಸ್ಟ್ಯಾನ್‌ಫರ್ಡ್‌ನ ಅಧ್ಯಕ್ಷರೂ ಆಗಿದ್ದರು.) 1974ರ ಹೊತ್ತಿಗೆ ಟೆಕ್ಸಾಸ್‌ನಲ್ಲಿ ಬೋವರ್‌ಮನ್ ಮತ್ತು ಲಾರಿಮರ್ ಮುಂದಕ್ಕೆ ನಡೆಸುವ ತಂತು, ಹಿಂದಕ್ಕೆ ನಡೆಸುವ ತಂತುಗಳನ್ನು ವರ್ಣಿಸಿದರು. ನಮ್ಮ ಏಡಿಯಂತೆಯೇ ಇಕ್ಕಳ ಎತ್ತಿ ಸೆಟೆದು ನಿಲ್ಲುವ ರಕ್ಷಣೆಯ ಭಂಗಿಯನ್ನು ಹೊರಡಿಸುವ ತಂತುವನ್ನಂತೂ ವಿಯರ್ಸ್ಮಾ ಇನ್ನೂ ಮೊದಲೇ ಗುರುತಿಸಿದ್ದರು.

ಹಾಗಾದರೆ ಒಂದೇ ಕೋಶ ರಾಜನಂತೆ ಆಳುತ್ತದೆಯೇ? ಇಲ್ಲಿ ರಾಯಚೂರು ಜಿಲ್ಲೆಯ ಓದುಗರಿಗೆ ಮಸ್ಕಿಯ ಬಂಡೆ ನೆನಪಾಗಬಹುದು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಆ ಶಾಸನದಲ್ಲಿ ‘ದೇವಾನಾಂಪ್ರಿಯ’ನ ಜೊತೆಗೆ ಅಶೋಕ ಎಂಬ ಹೆಸರೇ ಇದ್ದುದರಿಂದ ದೇಶದ ಇತಿಹಾಸದ ಒಂದು ಗಂಟು ಬಿಚ್ಚಿತು. ಆದರೆ ಪಾಟಲಿಪುತ್ರದ ಅರಸನ ಮಾತು ತಾನಾಗಿ ಬಂದು ಇಲ್ಲಿನ ಬಂಡೆಯ ಮೇಲೆ ಕೂರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನ ಓದಿದರೆ ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಆದೇಶ ದಾಟಿಸಿದ್ದು ಕಾಣುತ್ತದೆ. ಮಾತು ಅರಸನದು, ಜಾರಿ ಸ್ಥಳೀಯರದು. ಕ್ರೇಫಿಷ್‌ನ ಮೈಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇಂಥದ್ದೇ ಆಡಳಿತ. ‘ನಡೆ’ ಎಂಬ ಸುದ್ದಿ ಮೇಲಿನಿಂದ ಬರುತ್ತದೆ, ಯಾವ ಕಾಲನ್ನು ಯಾವಾಗ ಎತ್ತಬೇಕೆಂಬುದನ್ನು ಎದೆಯ ಗಂಟುಗಳು ತೀರ್ಮಾನಿಸುತ್ತವೆ.

ರಾಜನೂ ಒಬ್ಬನೇ ಅಲ್ಲ. 1978ರಲ್ಲಿ ಕುಪ್ಫರ್‌ಮನ್ ಮತ್ತು ವೈಸ್ ಎಂಬ ವಿಜ್ಞಾನಿಗಳು ಒಂದು ಕಟ್ಟುನಿಟ್ಟಿನ ಪ್ರಶ್ನೆ ಎತ್ತಿದರು. ಒಂದು ಕೋಶವನ್ನು ಚುಚ್ಚಿದರೆ ಕ್ರಿಯೆ ಹೊರಡುತ್ತದೆ, ಸರಿ. ಆ ಕೋಶವನ್ನು ಸುಮ್ಮನಾಗಿಸಿದರೆ ಕ್ರಿಯೆ ನಿಲ್ಲುತ್ತದೆಯೇ? ಎರಡೂ ಆದರೆ ಮಾತ್ರ ಅದಕ್ಕೆ ಅಪ್ಪಣೆಯ ಪಟ್ಟ ಕೊಡಬೇಕು ಎಂದರು. ಈ ಪರೀಕ್ಷೆಯಲ್ಲಿ ಪಾಸಾದ ಕೋಶಗಳು ಬೆರಳೆಣಿಕೆಯಷ್ಟು. ಭಂಗಿ ಎಂಬುದು ಒಂದು ಕೋಶದ ಸ್ವತ್ತಲ್ಲ, ಅನೇಕ ಕೋಶಗಳ ಕೂಡುಕೆಲಸ ಎಂಬ ತಿಳಿವಳಿಕೆ ನಂತರದ ವರ್ಷಗಳಲ್ಲಿ ಗಟ್ಟಿಯಾಯಿತು.

ಭಂಗಿ ಎಂದೊಡನೆ ನಾವು ಅದನ್ನು ಸುಮ್ಮನಿರುವುದು ಎಂದುಕೊಳ್ಳುತ್ತೇವೆ. ಕ್ರೇಫಿಷ್ ಕಲಿಸಿದ ಮುಖ್ಯ ಪಾಠವೇ ಇದಕ್ಕೆ ವಿರುದ್ಧವಾದದ್ದು. ಅದರ ಹೊಟ್ಟೆಯಲ್ಲಿ ಎರಡು ಬಗೆಯ ಸ್ನಾಯುಗಳಿವೆ: ಹಾರಿ ತಪ್ಪಿಸಿಕೊಳ್ಳಲು ದಪ್ಪನೆಯ ವೇಗದ ಸ್ನಾಯು, ನಿಲುವು ಕಾಯಲು ತೆಳ್ಳನೆಯ ನಿಧಾನದ ಸ್ನಾಯು. ಒಂದು ಖಂಡದ ಒಂದು ಪಕ್ಕದಲ್ಲಿ ಮಡಿಚುವ ನಿಧಾನ ಸ್ನಾಯುವಿಗೆ ಇರುವುದು ಕೇವಲ ಆರು ನರಕೋಶ. ನಮ್ಮ ಕಾಲಿನ ಒಂದು ಸ್ನಾಯುವಿಗೆ ನೂರಾರು ಇರುತ್ತವೆ ಎಂಬುದನ್ನು ನೆನೆದರೆ ಈ ಮಿತವ್ಯಯ ಬೆರಗು ಹುಟ್ಟಿಸುತ್ತದೆ. ಆ ನರಕ್ಕೆ ತಂತಿ ಜೋಡಿಸಿ ಧ್ವನಿವರ್ಧಕಕ್ಕೆ ಕೊಟ್ಟರೆ ಹುರಿದ ಜೋಳ ಸಿಡಿದಂತೆ ಟಪ ಟಪ ಸದ್ದು ಕೇಳುತ್ತಲೇ ಇರುತ್ತದೆ. ಪ್ರಾಣಿ ಅಲ್ಲಾಡದೆ ಕೂತಿದ್ದರೂ ಕೋಶಗಳು ಸುಮ್ಮನಿರುವುದಿಲ್ಲ. ನರಹುರಿಯನ್ನು ಬೇರ್ಪಡಿಸಿ ಲವಣದ ದ್ರಾವಣದಲ್ಲಿಟ್ಟರೂ ಈ ಸಿಡಿತ ನಿಲ್ಲದು. ನಿಲ್ಲುವುದೂ ಒಂದು ದುಡಿಮೆಯೇ ಎಂದಾಯಿತು.

ಆರರಲ್ಲಿ ಐದು ಕೋಶಗಳು ಸ್ನಾಯುವಿಗೆ ‘ಬಿಗಿ’ ಎನ್ನುತ್ತವೆ. ಆರನೆಯದು ಹೇಳುವುದು ‘ಬೇಡ’ ಎಂದು.

ಈ ‘ಬೇಡ’ದ ಕಥೆ ಹಳೆಯದು. 1887ರಲ್ಲೇ ಜರ್ಮನ್ ಭಾಷಿಕ ಶರೀರಶಾಸ್ತ್ರಜ್ಞ ವಿಲ್ಹೆಲ್ಮ್ ಬೀಡರ್‌ಮನ್, ಕ್ರೇಫಿಷ್‌ನ ಇಕ್ಕಳದ ನರವನ್ನು ಪ್ರಚೋದಿಸಿದಾಗ ಬಿಗಿದ ಸ್ನಾಯು ಸಡಿಲಗೊಳ್ಳುವುದೂ ಉಂಟು ಎಂದು ಕಂಡಿದ್ದ. ನರ ಎಂದರೆ ಸ್ನಾಯುವನ್ನು ಓಡಿಸುವ ಚಾವಟಿ ಎಂದಷ್ಟೇ ಭಾವಿಸಿದ್ದ ಕಾಲದಲ್ಲಿ ಅದು ವಿಚಿತ್ರವಾಗಿ ತೋರಿತು. ಆ ಕಡಿವಾಣ ಹಾಕುವ ರಾಸಾಯನಿಕ ಯಾವುದು? 1950ರ ದಶಕದಲ್ಲಿ ಅರ್ನ್‌ಸ್ಟ್ ಫ್ಲೋರಿ ದನದ ಮಿದುಳಿನಿಂದ ತೆಗೆದ ಸತ್ವವನ್ನು ಕ್ರೇಫಿಷ್‌ನ ಒಂದು ನರಕೋಶದ ಮೇಲೆ ಸುರಿದು ನೋಡಿದರು. ಸ್ನಾಯು ಎಷ್ಟು ಎಳೆದಿದೆ ಎಂದು ಅಳೆದು ಸದಾ ಮಿಡಿಯುವ ಕೋಶ ಅದು. ಸತ್ವ ಬಿದ್ದೊಡನೆ ಮಿಡಿತ ನಿಂತಿತು. 1957ರಲ್ಲಿ ಆ ಸತ್ವದ ಮುಖ್ಯ ಅಂಶವನ್ನು ಗ್ಯಾಬಾ ಎಂದು ಬೇಜ್‌ಮೋರ್, ಎಲಿಯಟ್, ಫ್ಲೋರಿ ಗುರುತಿಸಿದರು. 1966ರಲ್ಲಿ ಹಾರ್ವರ್ಡ್‌ನ ಎಡ್ವರ್ಡ್ ಕ್ರಾವಿಟ್ಜ್ ತಂಡ ಲಾಬ್‌ಸ್ಟರ್ ಎಂಬ ಸಮುದ್ರದ ದಾಯಾದಿಯಲ್ಲಿ, ತಡೆಯುವ ನರಗಳು ನಿಜಕ್ಕೂ ಗ್ಯಾಬಾವನ್ನೇ ಸ್ರವಿಸುತ್ತವೆ ಎಂದು ತೋರಿಸಿತು. ದನದ ಮಿದುಳಿನಲ್ಲಿ, ಮನುಷ್ಯನ ಮಿದುಳಿನಲ್ಲಿ, ಬದುವಿನ ಏಡಿಯಲ್ಲಿ ಇರುವುದು ಒಂದೇ ಕಡಿವಾಣ.

ಕಾಲುವೆ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮೇಲುಭಾಗದ ತೂಬುಗಳನ್ನು ಸರದಿಯಂತೆ ಮುಚ್ಚದಿದ್ದರೆ ಕೊನೆ ಭಾಗದ ಹೊಲಕ್ಕೆ ನೀರು ತಲುಪುವುದಿಲ್ಲ. ನೀರು ಬಿಡುವುದು ಎಷ್ಟು ಮುಖ್ಯವೋ ತಡೆಯುವುದೂ ಅಷ್ಟೇ ಮುಖ್ಯ. ಕಾಲನ್ನು ಎತ್ತುವ ಸ್ನಾಯು ಕೆಲಸ ಮಾಡಬೇಕಾದರೆ ಇಳಿಸುವ ಸ್ನಾಯುವಿನ ತೂಬು ಮುಚ್ಚಿರಬೇಕು.

ನಡಿಗೆಯ ಅಧ್ಯಯನದಲ್ಲಿ ಇದು ಇನ್ನಷ್ಟು ಸ್ಪಷ್ಟವಾಯಿತು. 1980ರ ದಶಕದಲ್ಲಿ ಬ್ರಿಟನ್ನಿನ ಸಿಲ್ಲರ್ ಮತ್ತು ಸ್ಕೊರುಪ್ಸ್ಕಿ ಕ್ರೇಫಿಷ್‌ನ ಎದೆಯ ಗಂಟುಗಳನ್ನು ಹೊರತೆಗೆದು ದ್ರಾವಣದಲ್ಲಿಟ್ಟಾಗ, ಕಾಲುಗಳೇ ಇಲ್ಲದಿದ್ದರೂ ನರಗಳಲ್ಲಿ ಹೆಜ್ಜೆಯ ತಾಳ ಮೂಡಿತು. ಅವರು ಕಂಡ ಇನ್ನೊಂದು ಸಂಗತಿ ಹೆಚ್ಚು ಕುತೂಹಲಕರ. ಸುಮ್ಮನಿರುವಾಗ ಕಾಲಿನ ಬುಡದ ಸಂವೇದಕವನ್ನು ಎಳೆದರೆ ಆ ಎಳೆತಕ್ಕೆ ಎದುರಾಗಿ ಸ್ನಾಯು ಬಿಗಿಯುತ್ತದೆ, ಅಂದರೆ ನಿಲುವು ಕಾಯುತ್ತದೆ. ನಡಿಗೆಯ ತಾಳ ಶುರುವಾದ ಮೇಲೆ, ಹೆಜ್ಜೆಯ ಹಂತಕ್ಕೆ ತಕ್ಕಂತೆ, ಅದೇ ಎಳೆತಕ್ಕೆ ಪ್ರತಿಕ್ರಿಯೆ ತಿರುವುಮುರುವಾಗಿ ಚಲನೆಗೇ ನೆರವಾಗುತ್ತದೆ. ಅದೇ ನರ, ಅದೇ ಕಾಲು, ಸಂದರ್ಭ ಬೇರೆಯಾದರೆ ಉತ್ತರವೂ ಬೇರೆ. 2011ರಲ್ಲಿ ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಕಗಾಯಾ ಮತ್ತು ತಕಹಾತಾ, ಯಾರೂ ಕೆಣಕದೆ ಕ್ರೇಫಿಷ್ ತಾನಾಗಿ ನಡೆಯಲು ಹೊರಡುವ ಮುನ್ನ ಅದರ ಮಿದುಳಿನ ಕೆಲವು ಕೋಶಗಳು ಒಂದು ಸೆಕೆಂಡಿಗೂ ಮೊದಲೇ ಚುರುಕಾಗುವುದನ್ನು ವರದಿ ಮಾಡಿದರು. ಅಲ್ಲಿಯೂ ಪ್ರಚೋದನೆಯ ಹಿಂದೆಯೇ ತಡೆ ಬಂದು ಆ ಸಿದ್ಧತೆಗೆ ಆಕಾರ ಕೊಡುತ್ತದೆ.

ಈ ಚರಿತ್ರೆಯ ಒಂದು ಎಳೆ ಬೆಂಗಳೂರಿಗೂ ಬಂದಿದೆ. ಒಬೈದ್ ಸಿದ್ದೀಕಿ ಅವರು ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೆ. ವಿಜಯರಾಘವನ್ ಮತ್ತು ಸಂಗಡಿಗರು ಬಾಳೆಹಣ್ಣಿನ ಮೇಲೆ ಮುತ್ತುವ ಹಣ್ಣುನೊಣದ ನಡಿಗೆಯನ್ನು ಅಧ್ಯಯನ ಮಾಡಿದರು. ಏಡಿಯಂತೆ ನೊಣವೂ ಸಂಧಿಪದಿ. ಒಂದು ಕಾಲಿಗೆ ಸುಮಾರು 50 ಚಾಲಕ ನರಕೋಶಗಳು. 2018ರಲ್ಲಿ ಪ್ರಕಟವಾದ ಅವರ ಸಂಶೋಧನೆಯಲ್ಲಿ, ಆ ಕೋಶಗಳ ಮೇಲೆ ಗ್ಯಾಬಾವನ್ನು ಗುರುತಿಸುವ ಗ್ರಾಹಕವನ್ನು ಮಾತ್ರ ತಳಿವಿಜ್ಞಾನದ ಉಪಾಯದಿಂದ ತಗ್ಗಿಸಲಾಯಿತು. ಅಂದರೆ ತೂಬು ಮುಚ್ಚುವ ಹಿಡಿಕೆಯನ್ನೇ ಕಿತ್ತಂತೆ. ಅತಿವೇಗದ ವಿಡಿಯೊದಲ್ಲಿ ಚಿತ್ರಿಸಿ ಅಳೆದಾಗ ಕಂಡದ್ದೇನು? ತಡೆ ತೆಗೆದರೆ ನೊಣ ಹೆಚ್ಚು ಜೋರಾಗಿ ಓಡಬೇಕೆಂದು ಯಾರಾದರೂ ಊಹಿಸಿಯಾರು. ಆದದ್ದು ವಿರುದ್ಧ: ಹೆಜ್ಜೆ ಗಿಡ್ಡವಾಯಿತು, ನಡಿಗೆ ಗಣನೀಯವಾಗಿ ನಿಧಾನವಾಯಿತು.

ಆ ಗ್ರಾಹಕದ ಜೀನಿಗೆ ‘ಆರ್‌ಡಿಎಲ್’ ಎಂದು ಹೆಸರು. ಡೀಲ್ಡ್ರಿನ್ ನಿರೋಧ ಎಂಬುದರ ಇಂಗ್ಲಿಷ್ ಸಂಕ್ಷೇಪ. ಡೀಲ್ಡ್ರಿನ್ ಎಂಬುದು ಹಿಂದೆ ಜಗತ್ತಿನಾದ್ಯಂತ ಬಳಕೆಯಲ್ಲಿದ್ದ ಕೀಟನಾಶಕ. ಆ ವಿಷಕ್ಕೂ ಸಾಯದ ನೊಣಗಳ ಗುಟ್ಟು ಹುಡುಕುತ್ತ 1990ರ ದಶಕದ ಆರಂಭದಲ್ಲಿ ರಿಚರ್ಡ್ ಫ್ರೆಂಚ್-ಕಾನ್‌ಸ್ಟಂಟ್ ತಂಡದವರು ತಲುಪಿದ್ದು ಈ ಜೀನನ್ನು. ನಡಿಗೆಯ ಕಡಿವಾಣ ಮತ್ತು ಕೀಟನಾಶಕದ ಗುರಿ ಎರಡೂ ಒಂದೇ ಆಗಿದ್ದವು. ಡೀಲ್ಡ್ರಿನ್ ಮಾತ್ರವಲ್ಲ, ಎಂಡೋಸಲ್ಫಾನ್ ಕೂಡ ಗ್ಯಾಬಾ ಗ್ರಾಹಕವನ್ನೇ ಮುಚ್ಚಿಬಿಡುತ್ತದೆ. ಕಡಿವಾಣ ತಪ್ಪಿದ ನರಕೋಶಗಳು ಒಂದೇ ಸಮನೆ ಸಿಡಿಯುತ್ತವೆ, ಕಾಲು ನಡುಗುತ್ತದೆ, ಸೆಳೆತ ಬರುತ್ತದೆ, ನಿಲುವು ಕುಸಿಯುತ್ತದೆ. ಅದೇ ಗ್ರಾಹಕದ ಬಳಗ ಮನುಷ್ಯನಲ್ಲೂ ಇರುವುದರಿಂದ ಎಂಡೋಸಲ್ಫಾನ್ ನುಂಗಿದವರಲ್ಲಿ ಮೊದಲು ಕಾಣುವ ಲಕ್ಷಣಗಳಲ್ಲಿ ಅಪಸ್ಮಾರದಂಥ ಸೆಳೆತವೂ ಒಂದು.

ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯಂಥ ಕನ್ನಡ, ತುಳು ಮಾತಾಡುವ ಹಳ್ಳಿಗಳ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ದೀರ್ಘಕಾಲದ ಕಾಯಿಲೆಗಳಿಗೆ ಅದೇ ಕಾರಣವೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ಉತ್ಪಾದನೆ ಮತ್ತು ಮಾರಾಟವನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು.

ಎಂಡೋಸಲ್ಫಾನ್ ಹೋದರೂ ಅದರ ಗುರಿ ಉಳಿಯಿತು. ಭತ್ತದ ಕಾಂಡಕೊರಕಕ್ಕೆ ಬಳಸುವ ಫಿಪ್ರೊನಿಲ್ ಕೂಡ ಗ್ಯಾಬಾ ಗ್ರಾಹಕಕ್ಕೇ ಕೈಹಾಕುತ್ತದೆ. ಮನುಷ್ಯನ ಗ್ರಾಹಕಕ್ಕಿಂತ ಕೀಟದ ಗ್ರಾಹಕಕ್ಕೆ ಹೆಚ್ಚು ಬಿಗಿಯಾಗಿ ಅಂಟುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. ಆದರೆ ಏಡಿ, ಸಿಗಡಿ, ಕ್ರೇಫಿಷ್‌ಗಳು ಕೀಟಗಳ ಹತ್ತಿರದ ನೆಂಟರು. ಇದರ ಫಲ ಬಯಲಿಗೆ ಬಂದದ್ದು ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ. ಅಲ್ಲಿನ ರೈತರು ಒಂದೇ ಗದ್ದೆಯಲ್ಲಿ ಸರದಿಯಂತೆ ಭತ್ತವನ್ನೂ ಕ್ರೇಫಿಷ್ ಅನ್ನೂ ಬೆಳೆಯುತ್ತಾರೆ. 1999ರಲ್ಲಿ ಫಿಪ್ರೊನಿಲ್ ಲೇಪಿಸಿದ ಭತ್ತದ ಬೀಜ ಬಂತು. ಆ ಹಂಗಾಮಿನ ನಂತರ ಕೊಳಗಳಲ್ಲಿ ಕ್ರೇಫಿಷ್ ಸತ್ತು ಬೆಳೆಗಾರರು ನ್ಯಾಯಾಲಯಕ್ಕೆ ಹೋದರು. 2004ರಲ್ಲಿ 4.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಅಲ್ಲಿ ಬೆಳೆಯುವ ಕೆಂಪು ಕ್ರೇಫಿಷ್, 1964ರಲ್ಲಿ ವಿಯರ್ಸ್ಮಾ ಮತ್ತು ಇಕೆಡಾ ಅಪ್ಪಣೆಯ ನರಕೋಶವನ್ನು ಕಂಡುಹಿಡಿದ ಅದೇ ಜಾತಿ.

ಲೂಸಿಯಾನಾದಲ್ಲಿ ಅದು ಬೆಳೆ, ಆದ್ದರಿಂದ ಅದರ ಸಾವಿಗೆ ಲೆಕ್ಕವಿತ್ತು. ಸಿಂಧನೂರು, ಮಸ್ಕಿಯ ಗದ್ದೆಗಳಲ್ಲಿ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕಂಡ ಲಿಂಗಸುಗೂರಿನ ಹೊಲಗಳಲ್ಲಿ ಏಡಿ ಬದು ಕೊರೆಯುವ ಉಪದ್ರವ ಅಷ್ಟೇ. ಔಷಧ ಹೊಡೆದ ಮರುದಿನ ಅದು ಇಕ್ಕಳ ಎತ್ತದೆ ಮಗುಚಿ ಬಿದ್ದಿದ್ದರೆ, ರೈತ ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ತೂತಿಗೆ ಹಸಿ ಮಣ್ಣು ಮೆತ್ತಿ ಮುಂದೆ ಹೋಗುತ್ತಾನೆ.